ಆರೂವರೆ ಗಂಟೆಯ ಸೀಟು

ಗುಬ್ಬಿಯ ಅಮ್ಮ ಮೂರನೇ ಕ್ಲಾಸನ್ನು ಚಿಕ್ಕಂದಿನಲ್ಲೇ ಒಂದು ಸಲ ಪಾಸು ಮಾಡಿದ್ದಳು. ಈಗ ಕೈಗೊಂದು ಕೆಲಸ, ಕೊರಳಿಗೊಂದು ಆಸ್ಪತ್ರೆಯ ಗುರುತಿನ ಚೀಟಿ, ತಲೆಗೆ ನಾಲ್ಕಾರು ಬಿಳಿಗೂದಲು ಬಂದ ಮೇಲೆ ಮತ್ತೆ ಅದೇ ಕ್ಲಾಸಿಗೆ ತಂದು ಕೂರಿಸಿದ್ದಾರೆ ಎಂಬುದು ಅವಳ ದೂರು. ಇಂಥ ದೂರನ್ನು ತೆಗೆದುಕೊಳ್ಳುವ ಕಚೇರಿ ಯಾವುದೂ ಇಲ್ಲವಾದ್ದರಿಂದ ಪಾತ್ರೆ ತೊಳೆಯುವಾಗ ಪಾತ್ರೆಗಳಿಗೇ ಹೇಳಿಕೊಳ್ಳುತ್ತಿದ್ದಳು. ಅವು ಸದ್ದು ಮಾಡಿ ಅವಳ ಪರ ನಿಲ್ಲುತ್ತಿದ್ದವು. ಆ ಮನೆಯಲ್ಲಿ ಅವಳ ಪರ ಸದ್ದು ಮಾಡುತ್ತಿದ್ದುದು ಅವು ಮಾತ್ರ.

ತಪ್ಪು ಗುಬ್ಬಿಯದಲ್ಲ. ಎಂಟು ವರ್ಷದ ಆ ಹುಡುಗಿಗೆ ಇದ್ದದ್ದು ಎರಡು ಜಡೆ, ಒಂದು ಬಿದ್ದ ಹಲ್ಲು ಮತ್ತು ತನ್ನ ತೂಕಕ್ಕೆ ಸಮನಾದ ಒಂದು ಚೀಲ. ತಪ್ಪು ವರ್ಷದ ಮೊದಲಲ್ಲಿ ಶಾಲೆಯಿಂದ ಬಂದ ಸೂಚನೆಯದು. "ವಿದ್ಯಾರ್ಥಿಯು ಪ್ರತಿದಿನ ಮನೆಯಲ್ಲಿ ಗಟ್ಟಿಯಾಗಿ ಓದತಕ್ಕದ್ದು. ಒಂದು ಮಗ್ಗಿ ಒಪ್ಪಿಸತಕ್ಕದ್ದು. ಒಂದು ಪುಟ ಕಾಪಿ ಬರೆಯತಕ್ಕದ್ದು. ಕೊಟ್ಟ ಲೆಕ್ಕಗಳನ್ನು ಮಾಡತಕ್ಕದ್ದು. ಅಷ್ಟು ಹೊತ್ತೂ ಪೋಷಕರು ಪಕ್ಕದಲ್ಲಿ ಕುಳಿತಿರತಕ್ಕದ್ದು. ಆದರೆ ಸಹಾಯ ಮಾಡತಕ್ಕದ್ದಲ್ಲ." ಪೋಷಕರು ಎಂದರೆ ಇಬ್ಬರು ಎಂದು ಅದನ್ನು ಬರೆದವರು ಪ್ರಾಮಾಣಿಕವಾಗಿ ನಂಬಿದ್ದಿರಬೇಕು. (ಅವರಿಗೆ ಇನ್ನೂ ಮದುವೆಯಾಗಿರಲಿಕ್ಕಿಲ್ಲ.)

ಪಕ್ಕದಲ್ಲಿ ಕೂತೂ ಸಹಾಯ ಮಾಡದಿರುವುದು ಎಂಥ ಘನಘೋರ ತಪಸ್ಸು ಎಂಬುದು ಕೂತವರಿಗೇ ಗೊತ್ತು. ಮಗು "ಏಳೆಂಟ್ಲ ಐವತ್ನಾಲ್ಕು" ಎಂದು ಬರೆಯುತ್ತಿರುವಾಗ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿಯಬೇಕು. ಅದು ತಾನಾಗಿಯೇ ನಿಂತು, ಪೆನ್ಸಿಲಿನ ತುದಿ ಅಗಿದು, ಛಾವಣಿ ನೋಡಿ, ಏನೋ ಸರಿಯಿಲ್ಲವಲ್ಲ ಎಂದು ಅನುಮಾನಪಡುವ ತನಕ ಕಾಯಬೇಕು. ಕಾಯುವಾಗ ಒಲೆಯ ಮೇಲಿರುವುದು ಸೀಯುತ್ತಿರುತ್ತದೆ. ಗುಬ್ಬಿಯ ಅಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು. ನೋಡಿದವರಿಗೆ ಸುಮ್ಮನೆ ಕೂತಂತೆ ಕಾಣುತ್ತಿತ್ತು.

"ಸುಮ್ನೆ ತಾನೇ ಕೂತಿದೀಯ? ಒಂದು ಲೋಟ ಚಹಾ ಮಾಡಬಾರ್ದಾ?" ಎಂದು ಮುಂದಿನ ಕೋಣೆಯಿಂದ ಕೂಗು ಬರುತ್ತಿದ್ದುದು ಅದಕ್ಕೇ.

ಕೂಗುತ್ತಿದ್ದವರು ಮೇಷ್ಟ್ರು, ಎಂದರೆ ಅವಳ ಗಂಡ. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಅವರು ಕಲಿಸುತ್ತಿದ್ದುದು ಕಾರು ಓಡಿಸುವುದನ್ನು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದಲ್ಲ, ಆ ಸೀಟಿನಲ್ಲಿ ವರ್ಷಗಟ್ಟಲೆ ಕೂತು ಲೋಕವೆಲ್ಲ ತಮ್ಮ ಪಾದದ ಕೆಳಗೇ ನಡೆಯುತ್ತಿದೆ ಎಂಬ ನಂಬಿಕೆ ಅವರಿಗೆ ಬಂದುಬಿಟ್ಟಿತ್ತು. ಊಟಕ್ಕೆ ಕೂತಾಗ ಹೆಂಡತಿ ಬೇಗ ಬಡಿಸಿದರೂ ಮೇಜಿನ ಕೆಳಗೆ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಊರಿನ ಅರ್ಧ ಜನಕ್ಕೆ ಸ್ಟೇರಿಂಗು ಹಿಡಿಯಲು ಕಲಿಸಿದ ಮೇಷ್ಟ್ರು ಹೆಂಡತಿಗೆ ಕಲಿಸಿರಲಿಲ್ಲ. ಕೇಳಿದಾಗೆಲ್ಲ, "ಹೆಂಡ್ತಿಗೆ ಕಲಿಸೋಕೆ ಹೋದ್ರೆ ಕಾರೂ ಉಳಿಯಲ್ಲ, ಸಂಸಾರಾನೂ ಉಳಿಯಲ್ಲ ಕಣೇ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಬಸ್ಸಿತ್ತು, ಕಾಲಿದ್ದವು.

ಆಸ್ಪತ್ರೆಯಲ್ಲಿ ಅವಳ ಕೆಲಸ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ. ಅಲ್ಲಿ ಕಿಟಕಿಯಿಲ್ಲ. ಹೊರಗೆ ಹಗಲೋ ಇರುಳೋ, ಒಳಗೆ ಅದೇ ಬಿಳಿ ಟ್ಯೂಬ್‌ಲೈಟು, ಅದೇ ಸೂಕ್ಷ್ಮದರ್ಶಕ, ಕಂಡವರ ರಕ್ತ, ಕಂಡವರ ಮೂತ್ರ. ಊರಿನ ದೊಡ್ಡ ಮನುಷ್ಯರೆಲ್ಲರ ಒಳಗೇನಿದೆ ಎಂದು ಅವಳಿಗೆ ಗೊತ್ತಿತ್ತು. ಆ ದಿನ ಬಿಸಿಲಿತ್ತೋ ಮೋಡವಿತ್ತೋ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಪ್ರಯೋಗಾಲಯದ ಮುಖ್ಯಸ್ಥರು ಬಂದು ಹೊಸ ಸುದ್ದಿ ಹೇಳಿದರು. ಆಸ್ಪತ್ರೆ ಊರಾಚೆ ಮೂರು ಕಡೆ ರಕ್ತ ಸಂಗ್ರಹದ ಚಿಕ್ಕ ಘಟಕಗಳನ್ನು ತೆರೆಯುತ್ತಿದೆ. ಅವುಗಳ ಉಸ್ತುವಾರಿಗೆ ಒಬ್ಬರು ಬೇಕು. ಹಗಲು ಪಾಳಿ ಮಾತ್ರ. ದಿನಾ ಆಸ್ಪತ್ರೆಯ ಕಾರನ್ನು ತಾವೇ ಓಡಿಸಿಕೊಂಡು ಮೂರೂ ಕಡೆ ಹೋಗಿಬರಬೇಕು.

"ಸೀನಿಯಾರಿಟಿಯಲ್ಲಿ ನೀವೇ ಮುಂದಿದೀರಿ" ಎಂದು ಅವರು ಅವಳ ಕಡೆ ತಿರುಗಿದರು. "ಲೈಸೆನ್ಸ್ ಇದೆಯಲ್ಲ? ನಿಮ್ಮೆಜಮಾನ್ರು ಡ್ರೈವಿಂಗ್ ಮೇಷ್ಟ್ರಲ್ವೇ!"

"ಇದೆ... ಬರುತ್ತೆ ಸಾರ್. ಈ ತಿಂಗಳ ಕೊನೆಗೆ" ಎಂದುಬಿಟ್ಟಳು. ಪಕ್ಕದ ಸೂಕ್ಷ್ಮದರ್ಶಕದಿಂದ ಒಬ್ಬ ತಲೆಯೆತ್ತಿ ನೋಡಿದ. ಸಣ್ಣಗೆ ಉದ್ದಕ್ಕೆ ಇದ್ದುದರಿಂದ ಅವನನ್ನು ಎಲ್ಲರೂ ಸಿರಿಂಜ್ ಎನ್ನುತ್ತಿದ್ದರು. ಹಿರಿತನದಲ್ಲಿ ಅವಳ ನಂತರದವನು ಅವನೇ. ಇಬ್ಬರು ಮಕ್ಕಳ ತಂದೆ, ಒಳ್ಳೆಯವನು. "ನೀವು ಹೋಗಿಬನ್ನಿ ಅಕ್ಕಾ. ನನಗೆ ಸೈಕಲ್ಲೇ ಸರಿಯಾಗಿ ಬರಲ್ಲ" ಎಂದ.

ಆ ಸಂಜೆ ಅವಳು ಗಂಡನನ್ನು ಕೇಳಲಿಲ್ಲ. ನೇರವಾಗಿ ಡ್ರೈವಿಂಗ್ ಶಾಲೆಯ ಮಾಲೀಕರ ಬಳಿ ಹೋದಳು. ತಲೆ ನೆರೆತ ಅವರಿಗೆ ದೊಡ್ಡ ಮೇಷ್ಟ್ರು ಎಂದೇ ಹೆಸರು. ಅವರು ಹಾಜರಿ ಪುಸ್ತಕದ ಪುಟ ತಿರುವಿ, "ಸಂಜೆ ಆರೂವರೆಗೆ ನನ್ನ ಕಾರಲ್ಲಿ ಒಂದು ಸೀಟು ಖಾಲಿ ಇದೆಯಮ್ಮ. ದಿನಾ ಬರಬೇಕು. ದಿನಾ ಕೈ ಆಡದಿದ್ರೆ ಇದು ಬರಲ್ಲ" ಎಂದರು. ದಿನಾ ಅಭ್ಯಾಸ ಎಂದರೇನೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ತೊಡಕಿದ್ದುದು ಒಂದೇ. ಆರೂವರೆ ಎಂದರೆ ಮನೆಯಲ್ಲಿ ಗುಬ್ಬಿ ಚೀಲ ಬಿಚ್ಚುವ ಹೊತ್ತು.

"ಏನ್ರೀ, ನಾಳೆಯಿಂದ ಗುಬ್ಬಿ ಹೋಂವರ್ಕಿಗೆ ನೀವು ಕೂರಬೇಕು. ಆಸ್ಪತ್ರೇಲಿ ಹೊಸ ಕೆಲಸಕ್ಕೆ ಲೈಸೆನ್ಸ್ ಬೇಕು, ಆರೂವರೆಗೆ ದೊಡ್ಡ ಮೇಷ್ಟ್ರ ಹತ್ರ ಕಾರು ಕಲಿಯೋಕೆ ಹೋಗ್ತೀನಿ."

ಮೇಷ್ಟ್ರು ಪತ್ರಿಕೆ ಇಳಿಸಿದರು. "ನಾನಾ?"

"ನೀವೇ. ಪಕ್ಕದ ಸೀಟಲ್ಲಿ ಕೂತು ಕಲಿಸೋದೇ ನಿಮ್ಮ ಕೆಲಸ ಅಲ್ವಾ?"

"ದಿನವಿಡೀ ಕಲಿಸಿ ಬಂದಿರ್ತೀನಿ ಕಣೇ."

"ನಾನೂ ದಿನವಿಡೀ ಕೆಲಸ ಮಾಡೇ ಬಂದಿರ್ತೀನಿ. ಆಸ್ಪತ್ರೆಗೆ ಹೋಗಿ ಮಲಗಿ ಬರ್ತೀನಿ ಅನ್ಕೊಂಡಿದೀರಾ?"

ಒಳಗಿನಿಂದ ಅತ್ತೆಯ ದನಿ ಬಂತು. "ಗಂಡಸು ಹೊರಗೆ ದುಡಿದು ಬಂದಿರ್ತಾನೆ. ಮಗ್ಗಿ ಹೇಳಿಸೋದಕ್ಕೂ ಅವನೇ ಬೇಕಾ? ನಮ್ಮ ಕಾಲದಲ್ಲಿ ಇವನ ಅಪ್ಪನಿಗೆ ಇವನು ಎಷ್ಟನೇ ಕ್ಲಾಸು ಅನ್ನೋದೇ ಗೊತ್ತಿರಲಿಲ್ಲ."

"ಗೊತ್ತಿದ್ದಿದ್ರೆ ಚೆನ್ನಾಗಿರ್ತಿತ್ತು ಅತ್ತೆ" ಎಂದಳು ಗುಬ್ಬಿಯ ಅಮ್ಮ. ಮೇಷ್ಟ್ರು ಎರಡು ಸಲ ಎಸ್ಸೆಸ್ಸೆಲ್ಸಿ ಬರೆದವರು.

ಈ ಮಾತು ತಗಲಬೇಕಾದಲ್ಲೇ ತಗಲಿತು. ಮೇಷ್ಟ್ರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಎದ್ದು ನಿಂತರು. "ಆಯ್ತು. ಕೊಡು. ಮೂರನೇ ಕ್ಲಾಸು ತಾನೇ? ಬಸ್ಸು ಲಾರಿ ಓಡಿಸೋರನ್ನ ತಯಾರು ಮಾಡಿದೀನಿ. ಸಿಸ್ಟಮ್ ಇಲ್ಲ ಈ ಮನೇಲಿ, ಅಷ್ಟೇ. ನಾನು ಸಿಸ್ಟಮ್ ತರ್ತೀನಿ."

ಸಿಸ್ಟಮ್ ಮರುದಿನವೇ ಬಂತು. ಸಿಸ್ಟಮ್ ಎಂದರೆ, ಅವರು ಆಸನಕ್ಕೆ ದಯಮಾಡಿಸುವ ಮೊದಲು ಮೇಜು ಒರೆಸಿರಬೇಕು, ಎರಡು ಪೆನ್ಸಿಲು ಚೂಪಾಗಿರಬೇಕು, ರಬ್ಬರು ಎಡಗಡೆ ಇರಬೇಕು, ಪುಸ್ತಕ ಅಂದಿನ ಪುಟಕ್ಕೇ ತೆರೆದಿರಬೇಕು, ಮಗು ಕೈಕಾಲು ತೊಳೆದು ತಿಂದು ಮುಗಿಸಿರಬೇಕು, ಮೂತ್ರಕ್ಕೆ ಹೋಗಿಬಂದಿರಬೇಕು. "ಗಾಡಿ ಹತ್ತೋಕೆ ಮುಂಚೆ ಎಲ್ಲಾ ಚೆಕ್ ಆಗಿರಬೇಕು" ಎನ್ನುವುದು ಅವರ ತತ್ತ್ವ. ಚೆಕ್ ಮಾಡಬೇಕಾದವರು ಯಾರು ಎಂದು ತತ್ತ್ವದಲ್ಲಿ ಹೇಳಿರಲಿಲ್ಲ. ಹೀಗಾಗಿ ಮಗಳ ಹೋಂವರ್ಕಿನಿಂದ ಬಿಡುಗಡೆ ಹೊಂದಿದ ಗುಬ್ಬಿಯ ಅಮ್ಮ, ಆ ಬಿಡುಗಡೆಯ ಸಿದ್ಧತೆಗೆಂದು ಆಸ್ಪತ್ರೆಯಿಂದ ಅರ್ಧ ಗಂಟೆ ಮೊದಲೇ ಓಡಿಬರಬೇಕಾಯಿತು.

ಆದರೂ ಓಡಿದಳು. ಯಾಕೆಂದರೆ ಆರೂವರೆಗೆ ಆ ಸೀಟು ಇತ್ತು.

ಮೊದಲ ದಿನ ಗಾಡಿ ಹದಿನಾರು ಸಲ ಆಫ್ ಆಯಿತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಅವಳ ವಂಶವನ್ನೆಲ್ಲ ನೆನೆದ. ದೊಡ್ಡ ಮೇಷ್ಟ್ರು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದರು. ಎರಡೂ ಪಾದಗಳನ್ನು ಸೀಟಿನ ಅಡಿಗೆ ಮಡಚಿಟ್ಟುಕೊಂಡಿದ್ದರು. ಅದನ್ನು ಕಂಡದ್ದೇ ಗುಬ್ಬಿಯ ಅಮ್ಮನಿಗೆ ಎಷ್ಟೋ ಧೈರ್ಯ ಬಂತು. ಎರಡನೆಯ ವಾರದಲ್ಲಿ ಮೂರನೇ ಗೇರಿಗೆ ಹೋದಳು. ರಸ್ತೆ ತನ್ನಷ್ಟಕ್ಕೆ ತಾನೇ ಕಾರಿನ ಕೆಳಗೆ ಸರಿದುಹೋಗತೊಡಗಿದಾಗ, ಇಷ್ಟು ವರ್ಷ ಈ ಸುಖವನ್ನು ಗಂಡಸರು ಗುಟ್ಟಾಗಿ ಇಟ್ಟುಕೊಂಡು ಮನೆಗೆ ಬಂದು "ಸುಸ್ತಾಯ್ತು" ಎನ್ನುತ್ತಿದ್ದರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಇತ್ತ ಮೇಷ್ಟ್ರ ಕೀರ್ತಿ ಬೀದಿಯುದ್ದಕ್ಕೂ ಹಬ್ಬಿತು. ಅವಳು ಇಷ್ಟು ದಿನ ಅದೇ ಮೇಜಿಗೆ ಕೂತಾಗ ಒಂದು ನೊಣವೂ ಇಣುಕಿ ನೋಡಿರಲಿಲ್ಲ. ಈಗ ಎದುರು ಮನೆಯಾಕೆ ಕಿಟಕಿಗೆ ಬಂದು ನಿಂತು ತನ್ನ ಗಂಡನನ್ನು ಕರೆದು ತೋರಿಸಿದಳು. "ನೋಡಿ ಕಲೀರಿ. ಹೊರಗೂ ದುಡಿದು ಬಂದು ಮಗಳಿಗೂ ಓದಿಸ್ತಾರೆ. ಪುಣ್ಯ ಮಾಡಿರಬೇಕು ಅವರ ಹೆಂಡ್ತಿ." ಅತ್ತೆ ಮಗನಿಗೆ ಬಾದಾಮಿ ಹಾಕಿದ ಹಾಲು ತಂದುಕೊಡತೊಡಗಿದರು. "ತಲೆ ಕೆಲಸ ಕಣಪ್ಪಾ, ಕುಡಿ." ಅದೇ ತಲೆ ಕೆಲಸವನ್ನು ತಿಂಗಳುಗಟ್ಟಲೆ ನೀರು ಕುಡಿದು ಮಾಡಿದವಳು ಆ ಲೋಟವನ್ನು ಬಂದು ತೊಳೆಯುತ್ತಿದ್ದಳು.

ಗುಬ್ಬಿಯ ಪುಸ್ತಕಗಳೂ ಥಳಥಳಿಸತೊಡಗಿದವು. ಅಕ್ಷರ ಮುತ್ತು, ಲೆಕ್ಕ ಸರಿ, ಪುಟದ ತುಂಬ ಟೀಚರ್ ಹಾಕಿದ ನಕ್ಷತ್ರ. ಮೇಷ್ಟ್ರು ಅವನ್ನು ಹೆಂಡತಿಯ ಮೂಗಿಗೆ ತಾಗುವಂತೆ ಹಿಡಿದರು. "ನಿನ್ನ ಕಾಲದಲ್ಲಿ ಇಷ್ಟು ನಕ್ಷತ್ರ ಇತ್ತೇನೇ?"

ಇರಲಿಲ್ಲ. ಅವಳ ಕಾಲದಲ್ಲಿ ರಬ್ಬರಿನಿಂದ ತೂತು ಬಿದ್ದ ಪುಟಗಳಿದ್ದವು.

ಒಂದು ಸಂಜೆ ದೊಡ್ಡ ಮೇಷ್ಟ್ರಿಗೆ ಏನೋ ಕೆಲಸವಿದ್ದು ಅವಳು ಬೇಗ ಮನೆಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಳಗೆ ನೋಡಿದರೆ, ಮಗಳ ಪುಟ್ಟ ಕೈಯ ಮೇಲೆ ಅಪ್ಪನ ದೊಡ್ಡ ಕೈ. ಮಗಳ ಬೆರಳೊಳಗೆ ಪೆನ್ಸಿಲು. ಪೆನ್ಸಿಲು ಸರಸರನೆ ಓಡುತ್ತಿತ್ತು. ಗುಬ್ಬಿ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ಇನ್ನೊಂದು ಕೈಯಿಂದ ಬಿಸ್ಕತ್ತು ತಿನ್ನುತ್ತಿದ್ದಳು.

"ಏನ್ರೀ ಇದು? ನೀವೇ ಬರೀತಿದೀರಲ್ಲ!"

"ನಾನೆಲ್ಲಿ ಬರೀತಿದೀನಿ? ಪೆನ್ಸಿಲ್ ಯಾರ ಕೈಲಿದೆ ನೋಡು. ಬರೀತಿರೋದು ಅವಳು. ನಾನು ಕಂಟ್ರೋಲ್ ಮಾಡ್ತಿದೀನಿ."

"ಸಹಾಯ ಮಾಡಬಾರದು ಅಂತ ಬರೆದಿದಾರೆ."

"ಇದು ಸಹಾಯ ಅಲ್ಲ. ಇದು ಸೇಫ್ಟಿ. ತಪ್ಪು ದಾರಿಗೆ ಹೋಗ್ತಿದ್ದಾಗ ಬಿಟ್ಬಿಡಬೇಕಾ? ಒಂದೇ ಒಂದು ತಪ್ಪು ಆಗಿದೆಯಾ ಇಷ್ಟು ದಿನದಲ್ಲಿ?"

"ಅಪ್ಪನ ಕೈ ಬೆಚ್ಚಗಿರುತ್ತೆ ಅಮ್ಮಾ" ಎಂದಳು ಗುಬ್ಬಿ ಬಿಸ್ಕತ್ತಿನ ಪುಡಿಯ ನಡುವಿನಿಂದ.

ಗುಬ್ಬಿಯ ಅಮ್ಮನ ಬಾಯಿಗೆ ನೂರು ಮಾತು ಬಂದವು. ನೂರನ್ನೂ ನುಂಗಿದಳು. ಅವಳ ಲೈಸೆನ್ಸ್ ಟೆಸ್ಟಿಗೆ ಹತ್ತೇ ದಿನ ಉಳಿದಿತ್ತು. ರಿವರ್ಸ್ ಇನ್ನೂ ಕೈಗೆ ಬಂದಿರಲಿಲ್ಲ. ಈಗ ಬಾಯಿ ತೆರೆದರೆ "ಹಾಗಾದ್ರೆ ನೀನೇ ಕೂತ್ಕೋ" ಎಂಬ ಉತ್ತರ ಬಾಗಿಲಲ್ಲೇ ನಿಂತಿತ್ತು. ಹತ್ತು ದಿನ ತಾನೇ, ಆಮೇಲೆ ನಾನೇ ಸರಿಮಾಡಿಕೊಳ್ಳುತ್ತೇನೆ ಎಂದುಕೊಂಡು ಅಡುಗೆಮನೆಗೆ ಹೋದಳು. ಗಂಡಸರು ಇದನ್ನೇ ಮಾಡಿದರೆ ಅದಕ್ಕೆ ಮಹತ್ವಾಕಾಂಕ್ಷೆ ಎಂಬ ಗೌರವದ ಹೆಸರಿದೆ. ತಾಯಿ ಮಾಡಿದಾಗ ಅದಕ್ಕೇನು ಹೆಸರು ಎಂಬುದನ್ನು ಅವಳು ಆ ವಾರದಲ್ಲೇ ತಿಳಿದಳು.

ಅವಳು ಎರಡು ಕಂಬಗಳ ನಡುವೆ ಕಾರನ್ನು ಹಿಂದಕ್ಕೆ ತರುತ್ತಿದ್ದಾಗ ಫೋನು ಹೊಡೆದುಕೊಂಡಿತು. ಶಾಲೆಯ ಟೀಚರ್. ಶಾಲೆಯಲ್ಲಿ ಅಪ್ಪನ ನಂಬರೂ ಕೊಟ್ಟಿದ್ದರು. ಅದು ಅಲಂಕಾರಕ್ಕೆ. ಕಂಬ ಬಿತ್ತು.

ಮರುದಿನ ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದಳು. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಳು. ಟೀಚರ್ ಮುಂದಿಟ್ಟ ಕಾಗದ ಬೆಳ್ಳಗಿತ್ತು.

"ನಿನ್ನೆ ಕ್ಲಾಸಿನಲ್ಲಿ ಟೆಸ್ಟ್ ಕೊಟ್ಟೆ. ಇವಳು ಏನೂ ಬರೆಯಲಿಲ್ಲ. ಪೆನ್ಸಿಲ್ ಹಿಡಿದು, ಕೈಯನ್ನ ಹೀಗೆ ಕಾಗದದ ಮೇಲೆ ಇಟ್ಕೊಂಡು ಕೂತಿದ್ಲು. ಯಾಕಮ್ಮಾ ಬರೀತಿಲ್ಲ ಅಂದ್ರೆ, 'ಕೈ ಬರ್ಲಿ ಅಂತ ಕಾಯ್ತಿದೀನಿ ಮಿಸ್' ಅಂದ್ಲು. ಯಾವ ಕೈ?"

ಗುಬ್ಬಿಯ ಅಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡು ಕೆಮ್ಮಾಗಿ ಹೊರಬಂತು.

"ಮನೇಲಿ ಅಭ್ಯಾಸಕ್ಕೆ ಯಾರು ಕೂರ್ತಾರೆ?"

"ಇತ್ತೀಚೆಗೆ ಅವರಪ್ಪ ಮಿಸ್."

ಟೀಚರ್ ಮುಖ ಅರಳಿತು. "ಹೌದಾ! ಎಷ್ಟು ಒಳ್ಳೇದು. ಅಪ್ಪಂದಿರು ಕೂರೋದೇ ಅಪರೂಪ." ಆಮೇಲೆ ಬೆಳ್ಳನೆಯ ಕಾಗದ ಕಣ್ಣಿಗೆ ಬಿದ್ದು ಆ ಮುಖವೇ ಮುದುಡಿತು. "ಆದ್ರೆ ನೀವು ಹೀಗೆ ಪೂರ್ತಿ ಕೈಬಿಟ್ಟುಬಿಟ್ರೆ ಹೇಗೆ? ಪಾಪ, ಅವರಿಗೇನು ಗೊತ್ತಾಗುತ್ತೆ?"

ತಪ್ಪು ಮಾಡಿದ ಕೈಗೆ ಪಾಪ ಎಂಬ ಮಾತು, ಅಲ್ಲಿಲ್ಲದ ಕೈಗೆ ಛೀಮಾರಿ. ಗುಬ್ಬಿಯ ಅಮ್ಮ ಚಿಕ್ಕ ಕುರ್ಚಿಯಲ್ಲೇ ನೆಟ್ಟಗಾದಳು.

"ಮಿಸ್, ನನಗೊಂದು ಟೆಸ್ಟಿದೆ. ಇನ್ನು ಐದೇ ದಿನ. ಅವರನ್ನೇ ಕರೆಸಿ ಹೇಳಿ. ಕೈ ಮುಟ್ಟದೆ ಪಕ್ಕದಲ್ಲಿ ಕೂತಿರಿ ಅಂತ ನೀವು ಹೇಳಿದ್ರೆ ಕೇಳಬಹುದು."

ಟೀಚರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕೇಳಲ್ಲ. ನಮ್ಮನೇಲೂ ಒಂದು ಸಲ ಪ್ರಯತ್ನ ಮಾಡಿದೆ. ನನ್ನ ಮಗನ ಪ್ರಾಜೆಕ್ಟನ್ನ ಅವರಪ್ಪ ಮಾಡಿ, ಅವನ ಹೆಸರಲ್ಲಿ ಬಹುಮಾನ ತಗೊಂಡು, ಮಗನಿಗೆ ಮುಟ್ಟೋಕೂ ಬಿಡಲಿಲ್ಲ. ಈಗ ಇಲ್ಲಿ ಮೂವತ್ತೆಂಟು ಮಕ್ಕಳಿಗೆ ಹೇಳಿಕೊಟ್ಟು ಮನೆಗೆ ಹೋಗಿ ಮೂವತ್ತೊಂಬತ್ತನೆಯದಕ್ಕೂ ನಾನೇ ಕೂರ್ತೀನಿ." ಮತ್ತೆ ಟೀಚರ್ ದನಿಗೆ ಮರಳಿದಳು. "ಪರೀಕ್ಷೆ ಮುಗಿಯೋ ತನಕ ದಿನಾ ಎರಡರಷ್ಟು ಅಭ್ಯಾಸ ಮಾಡಿಸಿ. ನೀವೇ ಕೂರಬೇಕು. ಇಲ್ಲಿ ಬರೆದು ಕೊಡ್ತೀನಿ."

ಬರೆದು ಕೊಟ್ಟಳು. "ತಾಯಿಯೇ ಕುಳಿತುಕೊಳ್ಳತಕ್ಕದ್ದು."

ಮನೆಯಲ್ಲಿ ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಮುಖದಲ್ಲಿ ಅವಮಾನದ ಮೋಡ ಕವಿಯಿತು. ಅದರ ಅಂಚಿನಲ್ಲಿ ಬಿಡುಗಡೆಯ ಬಿಸಿಲು ಇಣುಕುತ್ತಿದ್ದುದನ್ನು ಅವಳು ನೋಡದೆ ಇರಲಿಲ್ಲ.

"ನಾನು ಮಾಡಲ್ಲ ಅಂದೆನಾ? ನೀನೇ ಹೇಳು, ಒಂದು ದಿನಾನಾದ್ರೂ ಮಾಡಲ್ಲ ಅಂದಿದೀನಾ? ಅವರೇ ಬೇಡ ಅಂತಿದಾರೆ."

"ಕೈ ತೆಗೆದು ಕೂತ್ಕೊಳ್ಳಿ, ಬೇಡ ಅನ್ನಲ್ಲ."

"ಕೈ ತೆಗೆದು ಕೂರೋದಾದ್ರೆ ನಾನ್ಯಾಕೆ ಬೇಕು? ಸುಮ್ನೆ ಕೂರೋದು ಕೆಲಸಾನಾ? ಅದನ್ನ ಯಾರು ಬೇಕಾದ್ರೂ ಮಾಡ್ತಾರೆ."

"ಹಾಗಾದ್ರೆ ಮಾಡಿ ತೋರಿಸಿ, ಒಂದೇ ಒಂದು ಗಂಟೆ."

ಮಾಡಿ ತೋರಿಸಲು ಕೂತರು. ಗುಬ್ಬಿ ಮೊದಲ ಲೆಕ್ಕ ಬರೆದಳು. ಮೇಷ್ಟ್ರ ಹಣೆಯಲ್ಲಿ ಬೆವರೊಡೆಯಿತು. ಎರಡನೆಯದರಲ್ಲಿ ಅವಳು ಒಂಬತ್ತನ್ನು ಉಲ್ಟಾ ಬರೆದಳು. "ಏಯ್ ಏಯ್ ಏಯ್!" ಎಂದು ಮೇಷ್ಟ್ರು ಕೂಗಿದ ರಭಸಕ್ಕೆ ಹಾಲಿನ ಲೋಟ ಉರುಳಿತು, ಗುಬ್ಬಿ ಅತ್ತಳು, ಅತ್ತೆ ಒಳಗಿನಿಂದ ಓಡಿಬಂದರು. "ಎಂಥ ತಾಯಿಯಮ್ಮ ನೀನು! ಮಗು ಅಲ್ಲಿ ಫೇಲಾಗ್ತಿದೆ, ಗಂಡ ಇಲ್ಲಿ ನಡುಗ್ತಿದಾನೆ, ನಿನಗೆ ಕಾರು ಬೇಕು!"

"ಟೆಸ್ಟ್ ಮುಂದಿನ ತಿಂಗಳೂ ಇರುತ್ತೆ ಕಣೇ" ಎಂದರು ಮೇಷ್ಟ್ರು, ಮೃದುವಾಗಿ. ಅವರು ಮೃದುವಾಗುತ್ತಿದ್ದುದು ಗೆದ್ದಾಗ ಮಾತ್ರ.

ಗುಬ್ಬಿಯ ಅಮ್ಮ ಅಷ್ಟಕ್ಕೇ ಸೋಲಲಿಲ್ಲ. ಎರಡು ಅಭ್ಯಾಸವನ್ನೂ ಒಂದೇ ಕಾರಿಗೆ ಹಾಕಿದರೆ ಹೇಗೆ ಎಂಬ ಮಹಾನ್ ಯೋಚನೆ ಅವಳಿಗೆ ಹೊಳೆಯಿತು. ಮರುದಿನ ಆರೂವರೆಗೆ ಗುಬ್ಬಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಹೊರಟಳು. ದೊಡ್ಡ ಮೇಷ್ಟ್ರು ಎಂದಿನಂತೆ ಪಕ್ಕದಲ್ಲಿ ಕೂತರು. ಕಾರು ಹೊರಟಿತು, ಮಗ್ಗಿಯೂ ಹೊರಟಿತು.

"ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು..."

"ಕ್ಲಚ್ ಬಿಡಿಯಮ್ಮ, ನಿಧಾನ."

"ಏಳ್ಮೂರ್ಲ ಇಪ್ಪತ್ತೊಂದು. ಅಮ್ಮಾ, ಹೊಟ್ಟೆ ಒಂಥರಾ ಆಗ್ತಿದೆ."

"ಹೇಳು ಚಿನ್ನಾ, ನಿಲ್ಲಿಸಬೇಡ."

"ಏಳ್ನಾಲ್ಕ್ಲ ಇಪ್ಪತ್ತೆಂಟು... ಏಳೈದ್ಲ... ಮೂವತ್ತೈದು..."

ಏಳಾರ್ಲ ಎಷ್ಟೆಂದು ಯಾರಿಗೂ ತಿಳಿಯಲಿಲ್ಲ. ಗುಬ್ಬಿ ದೊಡ್ಡ ಮೇಷ್ಟ್ರ ಹೆಗಲ ಮೇಲೆ, ಸೀಟಿನ ಮೇಲೆ, ಗಣಿತದ ಪುಸ್ತಕದ ಮೇಲೆ ವಾಂತಿ ಮಾಡಿದಳು. ಗುಬ್ಬಿಯ ಅಮ್ಮ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದಳು. ಜೀವಮಾನದಲ್ಲಿ ಅಷ್ಟು ಚೊಕ್ಕವಾಗಿ ಅವಳು ಕಾರು ನಿಲ್ಲಿಸಿದ್ದು ಅದೇ ಮೊದಲು. ಅದನ್ನು ನೋಡುವ ಸ್ಥಿತಿಯಲ್ಲಿ ದೊಡ್ಡ ಮೇಷ್ಟ್ರು ಇರಲಿಲ್ಲ.

"ಮೊದಲು ಮಗೂ ಪರೀಕ್ಷೆ ಮುಗೀಲಮ್ಮ" ಎಂದರು ಅವರು, ಅಂಗಿ ಒರೆಸಿಕೊಳ್ಳುತ್ತ. "ಕಾರೆಲ್ಲಿ ಹೋಗುತ್ತೆ?"

ಹೀಗೆ ಅವಳು ಮತ್ತೆ ತೊಡೆಯ ಕೆಳಗೆ ಕೈ ಒತ್ತಿಟ್ಟುಕೊಂಡು ಕೂತಳು. ಕೈ ಬರುವುದಿಲ್ಲ ಎಂದು ಗುಬ್ಬಿಗೆ ತಿಳಿಯಲು ನಾಲ್ಕು ಸಂಜೆ ಬೇಕಾಯಿತು. ಮೊದಲೆರಡು ದಿನ ಬರೀ ಅಳು. ಮೂರನೆಯ ದಿನ ಸಿಟ್ಟು. ನಾಲ್ಕನೆಯ ದಿನ ಪೆನ್ಸಿಲು ತಾನಾಗಿಯೇ ಅಲುಗಿತು. ವಕ್ರ ಅಕ್ಷರ, ತಪ್ಪು ಲೆಕ್ಕ, ತೂತು ಬಿದ್ದ ಪುಟ. ಆ ತೂತನ್ನು ಕಂಡು ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ತನ್ನ ಟೆಸ್ಟಿನ ದಿನ ಅಂದೇ ಎಂಬುದನ್ನು ಒಂದು ಗಳಿಗೆ ಮರೆತಳು. ಒಂದು ಗಳಿಗೆ ಮಾತ್ರ.

ಕೆಲವು ವಾರ ಕಳೆದು ಗುಬ್ಬಿಯ ಪರೀಕ್ಷೆ ಮುಗಿಯಿತು, ಪರವಾಗಿಲ್ಲ ಎನ್ನುವಂತೆ ಮುಗಿಯಿತು. "ನಾನು ಹಾಕಿದ ಬುನಾದಿ" ಎಂದರು ಮೇಷ್ಟ್ರು. ಮರುದಿನ ಮುಖ್ಯಸ್ಥರನ್ನು ಕಂಡು ಇನ್ನು ಹದಿನೈದೇ ದಿನ ಕಾಲಾವಕಾಶ ಕೇಳಬೇಕು ಎಂದು ಅವಳು ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಟ್ಟಳು.

ಆ ಸಂಜೆಯೇ ಬಾಗಿಲು ತಟ್ಟಿದ ಸದ್ದಾಯಿತು. ಸಿರಿಂಜ್ ನಿಂತಿದ್ದ. ಕೈಯಲ್ಲಿ ಕೇಕಿನ ಡಬ್ಬಿ, ಮುಖದ ತುಂಬ ನಗು.

"ಅಕ್ಕಾ, ಮೇಷ್ಟ್ರು ಇದಾರಾ? ಅವರಿಗೆ ಮೊದಲು ಕೊಡಬೇಕು."

"ಬನ್ನಿ ಬನ್ನಿ!" ಮೇಷ್ಟ್ರು ಎದ್ದು ಬಂದರು. "ಪಾಸಾ? ನಾನು ಹೇಳಲಿಲ್ವಾ!"

"ಒಂದೇ ಸಲಕ್ಕೆ ಮೇಷ್ಟ್ರೇ. ಲೈಸೆನ್ಸ್ ಇವತ್ತೇ ಕೈಗೆ ಬಂತು. ಮಧ್ಯಾಹ್ನ ಆರ್ಡರೂ ಕೊಟ್ರು." ಅವನು ಅವಳ ಕಡೆ ತಿರುಗಿ ಸಂಕೋಚದಿಂದ ತಲೆ ಕೆರೆದುಕೊಂಡ. "ನಿಮಗೆ ಮಗಳ ಪರೀಕ್ಷೆ, ಆಗಲ್ಲ ಅಂತ ಮೇಷ್ಟ್ರು ಹೇಳಿದ್ರು. ನೀವು ಬಿಟ್ಟಿದ್ದಕ್ಕೇ ನಾನು ಧೈರ್ಯ ಮಾಡಿದೆ ಅಕ್ಕಾ. ಇಲ್ದಿದ್ರೆ ನಿಮ್ಮ ಜಾಗಕ್ಕೆ ನಾನು ಬರ್ತಿದ್ನಾ?"

ಗುಬ್ಬಿಯ ಅಮ್ಮ ಗಂಡನನ್ನು ನೋಡಿದಳು.

"ಏನ್ ನೋಡ್ತೀಯಾ?" ಎಂದರು ಮೇಷ್ಟ್ರು, ನಿಜವಾಗಿಯೂ ಏನೂ ತಿಳಿಯದೆ. "ನಿನ್ನ ಆರೂವರೆ ಟೈಮು ದಿನಾ ಖಾಲಿ ಹೋಗ್ತಿತ್ತು ಕಣೇ. ಖಾಲಿ ಸೀಟು ಓಡಿಸಿದ್ರೆ ನಮ್ಮ ವೃತ್ತಿಗೇ ಕಳಂಕ. ಅದೇ ಹೊತ್ತಿಗೆ ಇವರು ವಿಚಾರಿಸೋಕೆ ಬಂದ್ರು. ನಿಮ್ಮ ಆಸ್ಪತ್ರೆಯವರೇ ಅಲ್ವಾ, ಇನ್ಯಾರಿಗೋ ಕೊಡೋ ಬದಲು ನಮ್ಮವರಿಗೇ ಆಗಲಿ ಅಂತ ದೊಡ್ಡ ಮೇಷ್ಟ್ರಿಗೆ ನಾನೇ ಹೇಳಿ ಕೂರಿಸ್ದೆ."

"ಇವರಿಗೆ ಯಾಕೆ ಬೇಕು ಲೈಸೆನ್ಸು ಅಂತ ಕೇಳಲಿಲ್ವಾ?"

"ಕಲಿಯೋಕೆ ಬಂದೋರನ್ನ ಯಾಕೆ ಅಂತ ಕೇಳ್ತೀವಾ?" ಎಂದು ಮೇಷ್ಟ್ರು ಕೇಕಿನ ಡಬ್ಬಿಯ ದಾರ ಬಿಚ್ಚಿದರು.

ಸಿರಿಂಜ್ ಕುರ್ಚಿಯ ತುದಿಯಲ್ಲಿ ಕೂತ. ಏನಾದರೂ ಮಾತಾಡಬೇಕಲ್ಲ ಎಂದು ಅವಳು ಕೇಳಿದಳು. "ನಿಮಗೂ ಇಬ್ಬರು ಮಕ್ಕಳಲ್ವಾ. ಸಂಜೆ ಹೋಂವರ್ಕಿಗೆ ಏನು ಮಾಡಿದ್ರಿ?"

"ಹೋಂವರ್ಕಾ?" ಅವನು ಬಹಳ ಪ್ರಯತ್ನಪಟ್ಟು ಯೋಚಿಸಿದ. ಆ ಪದವನ್ನು ಎಲ್ಲೋ ಕೇಳಿದ ನೆನಪು ಮುಖದಲ್ಲಿ ಮೂಡಿತು. "ಅದನ್ನೆಲ್ಲ ನಮ್ಮನೆಯವಳು ನೋಡ್ಕೋತಾಳೆ ಅಕ್ಕಾ. ನನಗೆ ಆ ತಲೆನೋವೇ ಇಲ್ಲ."

ಅವನು ಹೊರಟಾಗ ಮೇಷ್ಟ್ರು ಗೇಟಿನ ತನಕ ಹೋಗಿ ಕಳಿಸಿಬಂದರು. ಬರುತ್ತಲೇ ಖುಷಿಯಿಂದ ಹೇಳಿದರು. "ಇನ್ಮೇಲೆ ಆಸ್ಪತ್ರೆ ಕಾರು ಈ ದಾರೀಲೇ ಹೋಗುತ್ತಂತೆ. ಬೆಳಿಗ್ಗೆ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ತೀನಿ ಅಂದ. ಬಸ್ಸಿನ ಕಾಟ ತಪ್ಪಿತು ನೋಡು ನಿನಗೆ. ಒಂದು ಲೋಟ ಚಹಾ ಕೊಡು, ಕೇಕಿಗೆ ಚೆನ್ನಾಗಿರುತ್ತೆ."

ಪಾತ್ರೆಗಳ ಹತ್ತಿರ ಹೋಗಿ ಹೇಳಿಕೊಳ್ಳಲೂ ಅವಳಿಗೆ ಏನೂ ಉಳಿದಿರಲಿಲ್ಲ. ಚಹಾ ಇಟ್ಟು ಬಂದು ಮೇಜಿಗೆ ಕೂತಳು. ಪರ್ವತದಂಥ ಪರೀಕ್ಷೆ ದಾಟಿದ ಮಕ್ಕಳಿಗೆ ಶಾಲೆಯವರು ಒಂದು ದಿನವೂ ಬಿಡುವು ಕೊಟ್ಟಿರಲಿಲ್ಲ. ಗುಬ್ಬಿ ಹೊಸ ಪಾಠ ತೆರೆದು, ಬಿದ್ದ ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತ ಗಟ್ಟಿಯಾಗಿ ಓದಿದಳು.

"ಒಂದು ಕಾರು ಒಂದು ಗಂಟೆಯಲ್ಲಿ ನಲವತ್ತು ಕಿಲೋಮೀಟರ್ ಹೋಗುತ್ತದೆ. ಹಾಗಾದರೆ ಮೂರು ಗಂಟೆಯಲ್ಲಿ ಎಷ್ಟು ದೂರ ಹೋಗುತ್ತದೆ?"

"ಯಾರು ಓಡಿಸ್ತಿದಾರೆ?" ಎಂದಳು ಗುಬ್ಬಿಯ ಅಮ್ಮ.

ಗುಬ್ಬಿ ಪುಸ್ತಕವನ್ನು ಹತ್ತಿರಕ್ಕೆ ತಂದು ಮತ್ತೊಮ್ಮೆ ಓದಿದಳು. ಪುಟ ತಿರುವಿ ಹಿಂದೆಯೂ ನೋಡಿದಳು.

"ಅದನ್ನ ಕೇಳೇ ಇಲ್ಲ ಅಮ್ಮಾ. ದೂರ ಎಷ್ಟು ಅಂತ ಮಾತ್ರ ಕೇಳಿದಾರೆ."